ಡೀಸೆಲ್ ಕುಡಿದ ಬ್ರೇಕ್ ಪೈಪು

ಸೈನ್ಯದಲ್ಲಿ ನಾನು ಗಾಡಿ ಓಡಿಸುತ್ತಿದ್ದವನು. ಮೊದಲು ಗಾಡಿಯ ಕೆಳಗೆ ಮಲಗಿ ನೋಡಬೇಕು, ಆಮೇಲೆ ಮೇಲೆ ಕೂರಬೇಕು. ಅಲ್ಲಿ ಕಲಿತ ಕ್ರಮ ಅದು. ಎಪ್ಪತ್ತರ ದಶಕದಲ್ಲಿ ನೌಕರಿ ಮುಗಿಸಿ ಕಡ್ಡಿರಾಂಪುರಕ್ಕೆ ಮರಳಿದಾಗ, ಕಾಲುವೆ ನೀರಿನ ಕಬ್ಬು ನಮ್ಮ ಮನೆಗೆ ಹಳೆಯದೊಂದು ಜೀಪು ತಂದಿತ್ತು. ನಾಲ್ಕು ಚಕ್ರವೂ ಎಳೆಯುವ ಗಾಡಿ, ಗದ್ದೆಯ ಕೆಸರಿಗೆ ಹೇಳಿ ಮಾಡಿಸಿದಂಥದ್ದು. ಅದರ ಕೀಲಿ ಮಾತ್ರ ತಮ್ಮನ ಸೊಂಟದಲ್ಲಿತ್ತು.

ತಮ್ಮ ಪ್ರತಿ ಅಮಾವಾಸ್ಯೆಗೆ ಜೀಪು ತೊಳೆದು, ನಿಂಬೆಹಣ್ಣು ಕಟ್ಟುವ ಮೊದಲು ಡೀಸೆಲ್ ಅದ್ದಿದ ಬಟ್ಟೆಯಿಂದ ಮೇಲೆ ಕೆಳಗೆ ಎಲ್ಲ ಒರೆಸುತ್ತಿದ್ದ. ಕರಿ ರಬ್ಬರೂ ಮಿಂಚುತ್ತಿತ್ತು. ಓಣಿಯವರು ನಿಂತು ನೋಡುತ್ತಿದ್ದರು, ಅಪ್ಪ ಮೀಸೆ ತಿರುವುತ್ತಿದ್ದರು. ನಾನು ಎದ್ದ ಕೂಡಲೇ ಹಾಸಿಗೆ ಮಡಚುವವನು, ಗಡಿಯಾರ ನೋಡಿ ಉಣ್ಣುವವನು. ಅದನ್ನು ನೋಡಲು ಯಾರೂ ನಿಲ್ಲುತ್ತಿರಲಿಲ್ಲ.

ತಂಗಿಯ ನಿಶ್ಚಯಕ್ಕೆ ಎಲ್ಲರೂ ಸಂಡೂರಿಗೆ ಹೊರಡಬೇಕಿತ್ತು. ಹಿಂದಿನ ದಿನ ಜೀಪಿನ ಕೆಳಗೆ ನುಗ್ಗಿ, ತಮ್ಮನಿಗೆ ಬ್ರೇಕ್ ಒತ್ತಲು ಹೇಳಿದೆ. ಚಕ್ರಕ್ಕೆ ಹೋಗುವ ರಬ್ಬರ್ ಪೈಪು ಹೊಳೆಯುತ್ತಲೇ ಕಪ್ಪೆಯ ಗಂಟಲಿನಂತೆ ಉಬ್ಬಿತು. ಚಿವುಟಿದರೆ ಉಗುರು ಇಳಿಯಿತು. ಡೀಸೆಲ್ ಕುಡಿದು ಕುಡಿದು ಮೆತ್ತಗಾಗಿತ್ತು.

"ಈ ಪೈಪ್ ನಂಬಿ ಗುಡ್ಡ ಇಳಿಯೋದು ಬ್ಯಾಡ. ಬದಲು ಮಾಡ್ತೀನಿ. ನಾಳೆ ನಾನ ಓಡಸ್ತೀನಿ" ಎಂದೆ.

ಅಪ್ಪ ನಕ್ಕರು. "ಕೀಲಿ ಬೇಕಂದ್ರ ಕೀಲಿ ಕೇಳಲೇ, ಪೈಪಿನ ಮ್ಯಾಲೆ ಯಾಕ ಹಾಕ್ತಿ? ಹೊಟ್ಟೆಕಿಚ್ಚಿಗೆ ಹೊಸಪ್ಯಾಟ್ಯಾಗೂ ಔಷಧ ಸಿಗಂಗಿಲ್ಲ."

ಅರ್ಧ ನಿಜವಾದ ಮಾತು, ಆದ್ದರಿಂದಲೇ ಹೆಚ್ಚು ಉರಿಯಿತು. ಹೊಸಪೇಟೆಗೆ ಸೈಕಲ್ ತುಳಿದು ಪೈಪು, ತಾಮ್ರದ ವಾಷರು, ಬ್ರೇಕ್ ಎಣ್ಣೆ ತಂದೆ. ಹಳೆಯದನ್ನು ಬಿಚ್ಚಿ, ಹೊಸದನ್ನು ಎಲ್ಲೂ ತಿರುಚದಂತೆ ಕೂರಿಸಿದೆ. ಒಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ತಮ್ಮ ಮೇಲೆ, ಡ್ರೈವರ್ ಸೀಟಿನಲ್ಲಿ. ನಾನು ಕೆಳಗೆ, ಮಣ್ಣಿನಲ್ಲಿ.

"ಒತ್ತಿ ಹಿಡಿ."

"ಹಿಡಿದೀನ್ರೀ ಸುಬೇದಾರ್ ಸಾಹೇಬ್ರ! ಬಿಡ್ಲೇನು?"

"ನಾ ಹೇಳೋತನ ಬಿಡಬ್ಯಾಡ."

ಚಕ್ರದಿಂದ ಇಳಿಯುವ ಎಣ್ಣೆಗೆ ಹಿಡಿದ ಬಾಟಲಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಅವನು ಮೇಲೆ ಸಿಳ್ಳೆ ಹಾಕುತ್ತಿದ್ದ.

ಮರುದಿನ ಅವನೇ ಓಡಿಸಿದ. ನಾನು ಹಿಂದೆ, ಹಣ್ಣಿನ ಬುಟ್ಟಿಗಳ ಜೊತೆ. ಸಂಡೂರಿನ ಇಳಿಜಾರಿನ ತಿರುವಿನಲ್ಲಿ ಅದಿರಿನ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತು. ತಮ್ಮ ಪೆಡಲ್ ಒತ್ತಿದ. ಲಾರಿಗೆ ಮೊಳದಷ್ಟು ದೂರ ಉಳಿಸಿ ಜೀಪು ನಿಂತಿತು.

"ಏನ್ ಕಾಲಲೇ ನಿಂದು!" ಅಪ್ಪ ಅವನ ಬೆನ್ನು ತಟ್ಟಿದರು. ನನ್ನ ಕಡೆ ಯಾರೂ ತಿರುಗಲಿಲ್ಲ. ತಂಗಿಯೂ.

ಮನೆಗೆ ಬಂದೊಡನೆ ಅವ್ವ ಅವನಿಗೆ ಉಪ್ಪು, ಮೆಣಸಿನಕಾಯಿ ಇಳಿಸಿದಳು. "ಓಣ್ಯಾರ ಕಣ್ಣು, ಊರಾರ ಕಣ್ಣು, ಮನ್ಯಾರ ಕಣ್ಣು..." ಒಲೆಗೆ ಹಾಕಿದ ಮೆಣಸಿನಕಾಯಿಗೆ ಯಾರಿಗೂ ಕೆಮ್ಮು ಬರದಿದ್ದರೆ ದೃಷ್ಟಿ ತಾಗಿದೆ ಎಂದರ್ಥ. ಎಲ್ಲರೂ ಉಸಿರು ಹಿಡಿದು ಕಾದರು. ಹೊಗೆ ಎದ್ದಿತು. ಯಾರೂ ಕೆಮ್ಮಲಿಲ್ಲ. ಅವ್ವ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೇ ನೋಡತೊಡಗಿದಳು.

ಅವಳ ನೋಟ ನನ್ನವರೆಗೆ ಬರುವ ಮೊದಲೇ ನಾನು ಜೋರಾಗಿ ಕೆಮ್ಮಿದೆ.