ಮರಿಗಳ ಕೋಣೆಗೆ ಎರಡನೆಯ ಹೀಟರು

ನಿಲಂಗಾದಲ್ಲಿ ಮರಾಠಿ ಮಾಧ್ಯಮದ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಸಿ ನಾನು ಯೆಣೆಗೂರಿನ ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದೆ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕರೆಂಟು ಅಳೆಯುವ ನನ್ನ ಮೀಟರೂ ಇತ್ತು. ಅದನ್ನು ಕಂಡು ಅತ್ತೆ, "ಇದೇನವ್ವಾ, ಆಟಿಗಿ ಸಾಮಾನೇನು?" ಎಂದು ನಕ್ಕಿದ್ದರು.

ಆ ಸಲ ಚಳಿ ಜೋರಾಗಿತ್ತು. ಹುಟ್ಟಿದ ಕುರಿಮರಿಗಳು ಬೆಳಗಾಗುವುದರೊಳಗೆ ಸೆಟೆದುಕೊಳ್ಳುತ್ತಿದ್ದವು. ಮಾವ ಉಮರಗಾಕ್ಕೆ ಹೋಗಿ ಹೊಸ ಹೀಟರು ತಂದು ಮರಿಗಳ ಕೋಣೆಯಲ್ಲಿ ಹಚ್ಚಿದರು. ಅದರ ಸುರುಳಿ ಸರಿಯಾಗಿ ಕೆಂಪಾಗಲೇ ಇಲ್ಲ. ಹತ್ತಿರ ಕೈ ಹಿಡಿದರೂ ಉಗುರುಬೆಚ್ಚಗೆ ಅಷ್ಟೆ.

"ಅಂಗಡಿಯಂವಾ ಡುಪ್ಲಿಕೇಟ್ ಕೊಟ್ಟಾನ. ನಾಳಿ ಒಯ್ದು ಅಂವನ ಮುಂದೇ ಒಗೀತೀನಿ," ಎಂದು ಮಾವ ಸಿಟ್ಟಾದರು.

"ತಡೀರಿ ಮಾವ, ಒಮ್ಮಿ ಅಳದು ನೋಡ್ತೀನ್ರಿ."

ಮೀಟರು ತಂದೆ. ವೋಲ್ಟೇಜು ನೂರರವತ್ತು. ವೈರಿನ ಎರಡೆಳೆ ಬಿಡಿಸಿ, ಒಂದೇ ಎಳೆಯನ್ನು ಮೀಟರಿನ ಇಕ್ಕಳದಂಥ ಬಾಯಿಯೊಳಗೆ ಹಿಡಿದೆ. ಕರೆಂಟು ಮೂರು ಆಂಪಿಯರ್. ಇದ್ದಲಿ ತೆಗೆದುಕೊಂಡು ಗೋಡೆಯ ಮೇಲೇ ಲೆಕ್ಕ ಹಾಕಿದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಸುರುಳಿಯ ಪ್ರತಿರೋಧ, ಸುಮಾರು ಐವತ್ಮೂರು ಓಮ್. ಹೀಟರಿನ ಬೆನ್ನ ಮೇಲೆ ಇನ್ನೂರ ಮೂವತ್ತು ವೋಲ್ಟಿಗೆ ಸಾವಿರ ವ್ಯಾಟ್ ಎಂದು ಬರೆದಿತ್ತು. ಆ ಅಂಕಿಗಳಿಂದ ಲೆಕ್ಕ ಹಾಕಿದರೂ ಐವತ್ಮೂರೇ ಬಂತು. ಸುರುಳಿಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ನಮ್ಮ ಕೋಣೆಯಲ್ಲಿ ವೋಲ್ಟೇಜು, ಕರೆಂಟು ಗುಣಿಸಿದರೆ ಸಿಗುತ್ತಿದ್ದದ್ದು ನಾನೂರೆಂಬತ್ತು ವ್ಯಾಟ್ ಮಾತ್ರ.

"ಹೀಟರ್ ಬರೋಬ್ಬರಿ ಅದರಿ. ನಮ್ಮ ಲೈನಿನಾಗ ವೋಲ್ಟೇಜ್ ಕಮ್ಮಿ ಅದ, ಅದಕ್ಕ ಅರ್ಧಾ ಕೆಲಸಾನೂ ಮಾಡವಲ್ದು. ಇಂಥಾದ್ದೇ ಇನ್ನೊಂದು ತರ್ರಿ."

"ಇನ್ನೊಂದಾ?" ಮಾವ ಹುಬ್ಬೇರಿಸಿದರು.

"ಹೌದ್ರಿ. ಆದ್ರ ವೈರ್ ದಪ್ಪಂದು ಬೇಕ್ರಿ. ವೋಲ್ಟೇಜ್ ಪೂರಾ ಬಂತಂದ್ರ ಎರಡೂ ಕೂಡಿ ಎರಡು ಸಾವಿರ ವ್ಯಾಟ್ ಎಳೀತಾವ, ಈ ಸಣ್ಣ ವೈರ್ ಸುಟ್ಟು ಹೋಗ್ತದ."

ಮಾವ ಜೇಬು ಮುಟ್ಟಿಕೊಂಡರು. ಆಗ ಅತ್ತೆ ಬಾಯಿ ಹಾಕಿದರು: "ಆಕಿ ಕಲತು ಬಂದಾಳ. ತರ್ರಿ ಅಂದ್ರ ತರ್ರಿ!"

ಮರುದಿನ ಎಲ್ಲವೂ ಬಂತು. ಬೋರ್ಡಿನಿಂದ ದಪ್ಪ ವೈರು ಎಳೆದೆ, ಹೀಟರುಗಳ ಮುಂದೆ ಹುಲ್ಲು ತಾಗದಂತೆ ತಂತಿಜಾಳಿ ಕಟ್ಟಿದೆ. ಸಂಜೆ ಎರಡನ್ನೂ ಹಚ್ಚಿ ಅಳೆದಾಗ ವೋಲ್ಟೇಜು ಕೊಂಚ ಇಳಿದು ನೂರೈವತ್ತೈದಕ್ಕೆ ನಿಂತಿತ್ತು. ಆದರೂ ಗುಣಿಸಿ ನೋಡಿದರೆ ಒಂಬೈನೂರರ ಹತ್ತಿರ! ಕೋಣೆ ನಿಧಾನವಾಗಿ ಬೆಚ್ಚಗಾಯಿತು.

ಆಗಷ್ಟೇ ಹುಟ್ಟಿದ್ದ ಒಂದು ಮರಿಯ ಕಿವಿ ತಣ್ಣಗೆ ಕೊರೆಯುತ್ತಿತ್ತು. ಅತ್ತೆ ಅದನ್ನು ಒರೆಸಿ ಗೋಣಿಯ ಮೇಲೆ ಮಲಗಿಸಿದರು. ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಅದು ಕಿವಿ ಕೊಡವಿತು. ಮುಂಗಾಲು ಊರಿತು, ಬಿತ್ತು, ಮತ್ತೆ ಎದ್ದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು.

"ಎದ್ದದ, ಎದ್ದದ ನೋಡ್ರಿ!" ಅತ್ತೆ ಚಪ್ಪಾಳೆ ತಟ್ಟಿದರು. "ಬೀರಪ್ಪಾ!" ಎಂದು ಕೈಮುಗಿದ ಮಾವ, ನನ್ನತ್ತ ತಿರುಗಿ, "ಶಾಬಾಸ್, ಮಗಳೆ," ಎಂದರು.

ಆ ಚಳಿಗಾಲ ಮುಗಿಯುವವರೆಗೆ ನಮ್ಮ ಹಟ್ಟಿಯಲ್ಲಿ ಚಳಿಗೆ ಒಂದು ಮರಿಯೂ ಸಾಯಲಿಲ್ಲ. ಮಾವ ನನ್ನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೀಟರು ಹಚ್ಚಿಕೊಡಲು ಮಾಕಣಿಯ ನೆಂಟರ ಹಟ್ಟಿಗೂ ಕರೆದೊಯ್ದರು. ನಾನು ಕಲಿತದ್ದೆಲ್ಲ ಮರಾಠಿಯಲ್ಲಿ. ಅವರ ಮುಂದೆ ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳುವಾಗ ನನ್ನ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಹೊಲದಲ್ಲಿದ್ದವರೂ ಕೆಲಸ ಬಿಟ್ಟು ಬಂದು ಸುತ್ತ ನಿಂತರು.