ಒಪ್ಪಿಗೆ ಪತ್ರಕ್ಕಾಗಿ ಕಾದ ವರ್ಷ

ಕೋಚ್ ಹೊಡೆದ ಏಟಿಗೆ ಎಡಗಿವಿಯ ತಮಟೆ ಹರಿದಾಗ ಸೊಲ್ಮಿಗೆ ಹದಿನಾರು ವರ್ಷ. ಭಾರ ಎತ್ತುವ ತಂಡದ ಹುಡುಗಿಯರೆಲ್ಲ ಆತನಿಂದ ಪೆಟ್ಟು ತಿಂದವರೇ. ಬಾಯಿ ಬಿಟ್ಟವಳು ಮಾತ್ರ ಇವಳೊಬ್ಬಳು. ಕೋಚ್ ಕೆಲಸ ಕಳೆದುಕೊಂಡ. ಅದರ ಹಿಂದೆಯೇ ಶಾಲೆ ತಂಡವನ್ನೂ ಮುಚ್ಚಿಬಿಟ್ಟಿತು.

"ಒಂದೇಟು ತಡ್ಕೊಳಕ್ಕಾಗ್ಲಿಲ್ವೇನೇ ನಿಂಗೆ? ಆಟದ ಮೇಲೆ ಸಿಗ್ಬೇಕಿದ್ದ ನಮ್ಮ ಕಾಲೇಜು ಸೀಟೂ ಹೋಯ್ತು," ಎಂದಳು ತಂಡದ ನಾಯಕಿ ಗ್ಯೊಂಗ್ರಾನ್. ಅಂದಿನಿಂದ ಊಟದ ಮನೆಯಲ್ಲಿ ಸೊಲ್ಮಿಯ ಪಕ್ಕ ಯಾರೂ ಕೂರಲಿಲ್ಲ.

ಲಾರಿ ಓಡಿಸುತ್ತಿದ್ದ ಅಪ್ಪ ಮಗಳನ್ನು ಟೊಂಗ್ಯೊಂಗ್ ಎಂಬ ಕಡಲೂರಿನಲ್ಲಿದ್ದ ತನ್ನ ಅಕ್ಕನ ಮನೆಗೆ ತಂದುಬಿಟ್ಟ. ಮಾಲ್ಸುಕ್ ಅತ್ತೆ ಬಂದರಿನ ಶೆಡ್ಡಿನಲ್ಲಿ ದಿನವಿಡೀ ನಿಂತು ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುವವಳು. ಅವಳ ಕೈಯಲ್ಲಿದ್ದ ಚಾಕುವಿಗಿಂತ ನಾಲಗೆಯೇ ಹರಿತ. ಊರ ಹೆಂಗಸರು "ಪಾಪ, ಹುಡುಗಿ ಎಲ್ಲ ಮರೀಬೇಕು" ಎಂದರೆ, "ನೀವು ಮೊದ್ಲು ಅದರ ಸುದ್ದಿ ಎತ್ತೋದು ಮರೀರಿ," ಎನ್ನುತ್ತಿದ್ದಳು.

ಹೊಸ ಶಾಲೆಯಲ್ಲಿ ಗು ಎಂಬ ಟೀಚರ್ ಭಾರ ಎತ್ತುವುದನ್ನು ಕಲಿಸುತ್ತಿದ್ದರು. ಸೊಲ್ಮಿ ಎರಡು ವಾರ ಬಾಗಿಲಲ್ಲಿ ನಿಂತು ನೋಡಿದಳು. ಮೂರನೇ ವಾರ ಕೈ ಜಾರದಂತೆ ಬಿಳಿ ಪುಡಿ ಹಚ್ಚಿಕೊಂಡು ಒಳಗೆ ಹೋದಳು. ಆದರೆ ಶಾಲೆ ಬದಲಿಸಿದವರು ಹಳೆ ಶಾಲೆಯ ಒಪ್ಪಿಗೆ ಪತ್ರವಿಲ್ಲದೆ ಒಂದು ವರ್ಷ ಸ್ಪರ್ಧೆಗೆ ಇಳಿಯುವಂತಿರಲಿಲ್ಲ. ತಂಡವೇ ಇಲ್ಲದ ಶಾಲೆ ಯಾರನ್ನು ಹಿಡಿದಿಟ್ಟುಕೊಳ್ಳಬೇಕಿತ್ತೋ!

ಹಳೆ ಶಾಲೆಗೆ ಫೋನು ಮಾಡಿದಾಗಲೆಲ್ಲ ಗುಮಾಸ್ತೆಯದು ಒಂದೇ ಉತ್ತರ: "ಸಾಹೇಬ್ರು ಮೀಟಿಂಗಲ್ಲಿದ್ದಾರೆ." ಆರನೇ ಸಲಕ್ಕೆ ಅತ್ತೆಯ ತಾಳ್ಮೆ ಹಾರಿಹೋಯಿತು. ಒಂದು ದಿನದ ಕೂಲಿ ಬಿಟ್ಟು, ಸೊಲ್ಮಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಪ್ರಿನ್ಸಿಪಾಲರು ಕಚೇರಿಯ ನಡುವೆಯೇ ಸಿಕ್ಕರು. ಸೊಲ್ಮಿಯ ಎಡಕ್ಕೆ ಬಾಗಿ ಮೆಲ್ಲಗೆ ಏನೋ ಹೇಳಿದರು.

"ಕೇಳಿಸಲಿಲ್ಲ ಸಾರ್. ಆ ಕಿವಿ ಹೋಗಿದೆ. ಈ ಕಡೆ ಬಂದು ಜೋರಾಗಿ ಹೇಳಿ."

ಕಚೇರಿಯ ಜನರೆಲ್ಲ ತಲೆ ಎತ್ತಿದರು. ಪ್ರಿನ್ಸಿಪಾಲರ ಮುಖ ಕೆಂಪಾಯಿತು. "ಕೋಚ್ ಮನೆಯವರ ಹತ್ರ ಒಂದ್ಸಲ ಕ್ಷಮೆ ಕೇಳ್ಬಿಡಮ್ಮ ಅಂದೆ. ಎಲ್ಲರಿಗೂ ಸಮಾಧಾನ ಆಗುತ್ತೆ."

"ಕಿವಿ ಹರಿದಿದ್ದು ಇವಳದ್ದು, ಕ್ಷಮೆ ಕೇಳಬೇಕಾದವಳೂ ಇವಳೇನಾ?" ಅತ್ತೆ ಮೇಜು ಕುಟ್ಟಿದಳು. "ಏನ್ ನ್ಯಾಯಾನಯ್ಯಾ ಇದು?"

ಸಹಿ ಬೀಳಲಿಲ್ಲ. ಮರಳುವ ಬಸ್ಸಿನಲ್ಲಿ ಸೊಲ್ಮಿ ಮುಂದಿನ ಸೀಟಿನ ಕಂಬಿಯನ್ನು ಬೆರಳು ಬಿಳಚಿಕೊಳ್ಳುವಷ್ಟು ಬಿಗಿಹಿಡಿದು ಕೂತಿದ್ದಳು.

ಆ ವರ್ಷ ಪೂರ್ತಿ ಅವಳು ಸ್ಪರ್ಧೆಯಿಲ್ಲದೆ ಭಾರ ಎತ್ತಿದಳು. ಉಳಿದವರು ಜಿಲ್ಲಾ ಕೂಟಕ್ಕೆ ಹೊರಟರೆ ಇವಳು ಅವರ ಚೀಲಗಳನ್ನು ಬಸ್ಸಿಗೇರಿಸಿ ಬರುವಳು. ಒಮ್ಮೆ ರೇಗಿ ಸೊಂಟದ ಬೆಲ್ಟನ್ನು ಗೋಡೆಗೆ ಬೀಸಿ ಎಸೆದಾಗ ಗು ಟೀಚರ್ ಕೈ ಎತ್ತಲಿಲ್ಲ. "ಎಸೆದಾಯ್ತಾ? ಹೋಗಿ ಎತ್ಕೊಂಡ್ಬಾ. ಇನ್ನೂ ಎರಡು ಸುತ್ತು ಬಾಕಿ," ಎಂದರಷ್ಟೇ. ಸೊಲ್ಮಿ ಬೆಲ್ಟು ಎತ್ತಿಕೊಂಡು ಬಂದಳು.

ಆ ಒಂದು ವರ್ಷ ಮುಗಿದ ಮೇಲಿನ ಮೊದಲ ಕೂಟದಲ್ಲಿ ಅವಳಿಗೆ ನಾಲ್ಕನೆಯ ಸ್ಥಾನ. ಪದಕ ಒಂದೇ ಕಿಲೋದಲ್ಲಿ ತಪ್ಪಿತು. "ಆ ಒಂದು ವರ್ಷ ಇದ್ದಿದ್ರೆ..." ಎಂದು ಹಲ್ಲು ಕಡಿದಳು. "ಇರ್ಲಿಲ್ವಲ್ಲ, ತಿನ್ನು," ಎಂದು ಅತ್ತೆ ಕಡಲಪಾಚಿ ಸುತ್ತಿದ ಅನ್ನದ ಸುರುಳಿಯನ್ನು ಬಾಯಿಗೆ ತುರುಕಿದಳು.

ಈಗ ಸೊಲ್ಮಿಗೆ ಇಪ್ಪತ್ತೆರಡು. ಅದೇ ಶಾಲೆಯಲ್ಲಿ ಗು ಟೀಚರಿಗೆ ಸಹಾಯಕಿ. ಹಳೆ ಶಾಲೆಯ ಪ್ರಿನ್ಸಿಪಾಲರು ಸನ್ಮಾನ ಮಾಡಿಸಿಕೊಂಡು ನಿವೃತ್ತರಾದರು. ಕಳೆದ ಚಳಿಗಾಲದಲ್ಲಿ ಹಳೆ ತಂಡದ ನಾಯಕಿ ಗ್ಯೊಂಗ್ರಾನ್ ಫೋನು ಮಾಡಿದ್ದಳು. ಚಳಿಯ ವಿಷಯ, ಸಿಂಪಿಯ ರುಚಿ ಅಂತ ಹತ್ತು ನಿಮಿಷ ಮಾತಾಡಿದಳು. ಕೊನೆಗೆ "ಸೊಲ್ಮಿ, ಆವತ್ತು ನಾನು..." ಎಂದವಳು ಯಾರೋ ಕರೆದರೆಂದು ಫೋನು ಇಟ್ಟುಬಿಟ್ಟಳು. ಮತ್ತೆ ಮಾಡಿಲ್ಲ. ತಾನಾಗಿ ಮಾಡಲು ಸೊಲ್ಮಿಗೂ ಮನಸ್ಸಿಲ್ಲ.