ಮೊದಲು ಹತ್ತಿದ್ದು ಮೊದಲು ಇಳೀಬೇಕು

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದೆ, ವರಾಂಡದಲ್ಲಿ ಜಗಳ ಶುರುವಾಯಿತು. ನನ್ನ ಮಗಳು ಸಿಂಚನ ಒಂದು ಕಡೆ, ಪಕ್ಕದ ಮನೆಯ ಸಾನಿಯಾ ಇನ್ನೊಂದು ಕಡೆ, ನಡುವೆ ನೆಲದ ತುಂಬ ಬಣ್ಣದ ಕಾರ್ಡುಗಳು. ಒಂದೊಂದರ ಮೇಲೂ ಒಂದು ವಿಚಿತ್ರ ಪ್ರಾಣಿ, ಅದರ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಅದರ ಶಕ್ತಿ ಏನೆಂಬ ವಿವರಣೆ. ಮಕ್ಕಳು ಇವನ್ನು ಕೂಡಿಡುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ, ಒಂದರ ಮೇಲೊಂದು ಬಿಟ್ಟು ಕಾದಾಡಿಸುತ್ತಾರೆ. ಸಿಂಚನ ಹೊಡೆಯುವ ಕಾರ್ಡು ಹಾಕಿದ್ದಳು. ಅದಕ್ಕೆ ಉತ್ತರವಾಗಿ ಸಾನಿಯಾ ತಡೆಯುವ ಕಾರ್ಡು ಹಾಕಿದ್ದಳು. ಈಗ ಯಾವುದು ಮೊದಲು ನಡೆಯಬೇಕು ಎನ್ನುವುದೇ ವ್ಯಾಜ್ಯ.

"ಮೊದಲು ಹಾಕಿದ್ದು ಮೊದಲು," ಎಂದೆ, ಸೌಟನ್ನೂ ಕೆಳಗಿಡದೆ.

"ಇಲ್ಲಾ ಆಂಟಿ, ಇಲ್ಲಿ ನೋಡಿ," ಎಂದು ಸಾನಿಯಾ ನಿಯಮದ ಪುಸ್ತಕವನ್ನು ಮುಖಕ್ಕೆ ಹಿಡಿದಳು. ಓದಿದೆ. ಕೊನೆಯಲ್ಲಿ ಹಾಕಿದ್ದು ಮೊದಲು ನಡೆಯುತ್ತದೆ, ಆಮೇಲೆ ಅದರ ಹಿಂದಿನದು. ಅಂದರೆ ತಡೆ ಮೊದಲು, ಪೆಟ್ಟು ಆಮೇಲೆ. ಅಡುಗೆಮನೆಯಿಂದ ಸಾಸಿವೆ ಸೀದ ವಾಸನೆ ಬಂದರೂ ನಾನು ಅಲ್ಲೇ ನಿಂತಿದ್ದೆ. ಅಯ್ಯೋ ಶಿವನೇ, ಹಾಗಾದರೆ ನಾನು ದಾಕ್ಷಿಗೆ ಮಾಡಿದ್ದು ಶುದ್ಧ ಅನ್ಯಾಯ!

ದಾಕ್ಷಿ ಎಂದರೆ ದಾಕ್ಷಾಯಿಣಿ, ನನ್ನ ಚಿಕ್ಕಪ್ಪನ ಮಗಳು. ನೊಣವಿನಕೆರೆ ಹತ್ತಿರದ ನಮ್ಮೂರಿನಲ್ಲಿ ಒಂದೇ ಮನೆ, ಒಂದೇ ಚಾಪೆ, ಒಂದೇ ಹೇನು ಎನ್ನುವ ಹಾಗೆ ಬೆಳೆದವರು ನಾವು. ಚಿಕ್ಕಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಮುಂಬೈಗೆ ಹೋಗಿ ಬರುತ್ತಿದ್ದರು. ಹಾಗೆ ಬರುವಾಗ ಒಮ್ಮೆ, ಅಲ್ಲಿನ ಸೇಟು ಮನೆಯ ಮಕ್ಕಳು ಆಡಿ ಬಿಟ್ಟ ಇದೇ ಆಟದ ಕಾರ್ಡುಗಳ ಡಬ್ಬಿಯೊಂದನ್ನು ತಂದುಕೊಟ್ಟರು. ನಾವಾಗ ಏಳನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿದ್ದೆವು. ನಾನು, ದಾಕ್ಷಿ, ಪಕ್ಕದ ತೋಟದವರ ಮಗ ನಂಜುಂಡ, ಮೂವರೂ ಹಂಚಿಕೊಂಡೆವು. ಬಿಳಿ ಕುದುರೆಯ ಕಾರ್ಡನ್ನು ಮಾತ್ರ ದಾಕ್ಷಿ ಯಾರಿಗೂ ಮುಟ್ಟಗೊಡಲಿಲ್ಲ. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು ಎಂದರೆ ನೀವೇ ಲೆಕ್ಕ ಹಾಕಿ.

ಯಾವ ಕಾರ್ಡಿನ ಮೇಲೆ ಏನು ಬರೆದಿದೆ ಎಂದು ಸೇಟು ಮಕ್ಕಳನ್ನು ಕೇಳಿಕೊಂಡು ಬಂದು ಚಿಕ್ಕಪ್ಪನೇ ಹೇಳಿದ್ದರು. ಆದರೆ ನಿಯಮದ ಪುಸ್ತಕವನ್ನು ನಾವೇ ಓದಬೇಕಿತ್ತು, ಅದೂ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿಗೆ ಇಡೀ ಕ್ಲಾಸಿಗೆ ನಾನೇ ಫಸ್ಟು. ನಮ್ಮ ಕನ್ನಡ ಶಾಲೆಯಲ್ಲಿ ಇಂಗ್ಲಿಷಿಗೆ ಫಸ್ಟು ಬರುವುದೆಂದರೆ ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದುವುದು, ಅಷ್ಟೇ. ಅರ್ಥ ಕೇಳುವ ಕೆಟ್ಟ ಬುದ್ಧಿ ಮೇಷ್ಟ್ರಿಗೂ ಇರಲಿಲ್ಲ. ಆದರೂ ಪುಸ್ತಕ ನನ್ನ ಕೈಗೆ ಬಂತು, ಜೊತೆಗೆ 'ಜಡ್ಜಮ್ಮ' ಎಂಬ ಬಿರುದೂ ಬಂತು. ಆ ಬಿರುದು ತಲೆಗೇರಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ತೀರ್ಪು ಕೊಡುತ್ತಿದ್ದೆ.

ವ್ಯಾಜ್ಯಗಳೂ ಸಾಮಾನ್ಯದವಲ್ಲ. ಒಂದು ಆಮೆಯ ಕಾರ್ಡಿತ್ತು, ಇದನ್ನು ಯಾರೂ ಮುಟ್ಟುವಂತಿಲ್ಲ ಎಂದು ಅದರ ಮೇಲೆ ಬರೆದಿತ್ತು. ಬಿರುಗಾಳಿಯ ಕಾರ್ಡಿನ ಮೇಲೆ, ಕಣದಲ್ಲಿರುವ ಎಲ್ಲವೂ ನಾಶ ಎಂದಿತ್ತು. ಬಿರುಗಾಳಿ ಬೀಸಿದರೆ ಆಮೆ ಉಳಿಯುತ್ತದೋ ಸಾಯುತ್ತದೋ? ಮೂರು ದಿನ ಕಿತ್ತಾಡಿದೆವು. ಕೊನೆಗೆ ಜಗಲಿಯಲ್ಲಿ ಕೊಬ್ಬರಿ ಹಸನು ಮಾಡುತ್ತಿದ್ದ ಅಜ್ಜಿಯೇ ರೋಸಿಹೋಗಿ, "ಮುಟ್ಬ್ಯಾಡ ಅಂದ್ಮೇಲೆ ಮುಟ್ಬಾರ್ದು ಕಣ್ರಮ್ಮಾ. ಎಲ್ಲಾ ಕಾಯ್ನೂ ಮಾರ್ಬುಡು ಅಂದ್ರೆ ದೇವ್ರಿಗೆ ಎತ್ತಿಟ್ಟಿದ್ನೂ ಸೇರ್ಸಿ ಮಾರ್ತೀರಾ?" ಎಂದಳು. ಆಮೆ ಬದುಕಿತು. ಅಕ್ಷರ ಬಾರದ ನಮ್ಮಜ್ಜಿಯ ಈ ತೀರ್ಪು ಅಪ್ಪಟ ಸರಿ ಎಂದು ಈ ಭಾನುವಾರದ ಜಗಳವಾದ ಮೇಲೆ ಸಾನಿಯಾಳ ಪುಸ್ತಕದಲ್ಲಿ ನೋಡಿದೆ.

ಅಜ್ಜಿಯದೇ ಇನ್ನೊಂದು ಕಾನೂನಿತ್ತು. ನಮ್ಮ ಕಡೆ ಕೊಬ್ಬರಿಗೆಂದು ಅಟ್ಟಕ್ಕೆ ಏರಿಸಿದ ಕಾಯಿಯ ನೀರು ಇಂಗಿ, ಒಳಗಿನ ಉಂಡೆ ಬಿಡಿಸಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಅನ್ನಬೇಕಾದರೆ ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಹಳೆಯದನ್ನು ಬಿಟ್ಟು ಹೊಸದನ್ನು ಇಳಿಸಿದಿರೋ, ಒಳಗೆ ಇನ್ನೂ ಹಸಿ, ಇಟ್ಟಷ್ಟು ದಿನವೂ ದಂಡ. ಹಾಗಾಗಿ ಕಾಯಿ ಇಳಿಸುವ ದಿನ ಅಜ್ಜಿ ಏಣಿಯ ಕೆಳಗೆ ನಿಂತು ಕೂಗುತ್ತಿದ್ದಳು: "ಮೊದ್ಲು ಹತ್ತಿದ್ದು ಮೊದ್ಲು ಇಳೀಬೇಕು!" ಸ್ನಾನಕ್ಕೂ ಅದೇ, ದೋಸೆಗೂ ಅದೇ, ಮನೆಯ ಹೆಣ್ಣುಮಕ್ಕಳ ಮದುವೆಗೂ ಅದೇ. ಪ್ರಪಂಚವೇ ಹಾಗೆ ನಡೆಯುತ್ತದೆ ಎಂದು ನಾವು ನಂಬಿದ್ದೆವು.

ರಜೆ ಮುಗಿಯಲು ಒಂದು ವಾರವಿದ್ದಾಗ ಪಂದ್ಯ ಕಟ್ಟಿದೆವು. ಸೋತವರು ಗೆದ್ದವರಿಗೆ ಅವರು ಕೇಳಿದ ಕಾರ್ಡು ಕೊಡಬೇಕು. ದಾಕ್ಷಿಗೂ ನಂಜುಂಡನಿಗೂ ಆಟ, ನಾನು ಜಡ್ಜಮ್ಮ. ಮಧ್ಯಾಹ್ನ ಅಟ್ಟದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತೆವು. ಕಣದಲ್ಲಿ ದಾಕ್ಷಿಯ ಕಡೆ ಕೊನೆಗೆ ಉಳಿದ ಪ್ರಾಣಿ ಆ ಬಿಳಿ ಕುದುರೆ. ನಂಜುಂಡ ಅದರ ಮೇಲೆ ಸಿಡಿಲಿನ ಕಾರ್ಡು ಹಾಕಿದ. ದಾಕ್ಷಿ ಹೆದರಲೇ ಇಲ್ಲ. ಅದುವರೆಗೆ ಯಾರೂ ಬಳಸದಿದ್ದ ಗುರಾಣಿಯ ಕಾರ್ಡನ್ನು ಅದರ ಮೇಲೆ ಪಟ್ಟನೆ ಇಟ್ಟು ನನ್ನ ಮುಖ ನೋಡಿದಳು.

"ಸಿಡ್ಲು ಮೊದ್ಲು ಬಿತ್ತಲ್ಲ, ಕುದ್ರೆ ಆಗ್ಲೇ ಸತ್ತೋಯ್ತು," ಎಂದ ನಂಜುಂಡ.

"ನೆತ್ತಿ ಮೇಲೆ ಕಾಯಿ ಬಿದ್ಮೇಲೆ ತಲೆ ಬಗ್ಗಿಸ್ತಾರೇನ್ಲಾ? ಪೆಟ್ಟಿಗಿಂತ ಮುಂಚೆ ಬರ್ದೇ ಇದ್ರೆ ಗುರಾಣಿ ಯಾತಕ್ಕೆ?" ಎಂದಳು ದಾಕ್ಷಿ.

ಎಂಥ ಮಾತು ನೋಡಿ! ಇವತ್ತಿನ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗಂಭೀರವಾಗಿ ಪುಸ್ತಕ ತೆರೆದೆ. ಗುರಾಣಿಯ ಚಿತ್ರವಿದ್ದ ಪುಟವೇನೋ ಸಿಕ್ಕಿತು. ಆದರೆ ಒಂದು ಪದವೂ ಅರ್ಥವಾಗಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲು ಬಾಯೇ ಬರಲಿಲ್ಲ. ಗಂಟಲು ಸರಿಮಾಡಿಕೊಂಡು, "ಮೊದ್ಲು ಹಾಕಿದ್ದು ಮೊದ್ಲು. ಪುಸ್ತಕದಲ್ಲಿ ಹಂಗೇ ಇದೆ," ಎಂದುಬಿಟ್ಟೆ.

ದಾಕ್ಷಿ ಗುರಾಣಿಯ ಕಾರ್ಡನ್ನು ಎತ್ತಿಕೊಂಡಳು. ಮತ್ತೆ ವಾದ ಮಾಡಲಿಲ್ಲ. ನಂಜುಂಡ ಕೇಳಿದ್ದು ಕುದುರೆಯನ್ನೇ, ಅದನ್ನು ಅವನ ಕೈಗೆ ಕೊಟ್ಟು ಎದ್ದು ಹೋದಳು. ಅವನೋ, ನಾಲ್ಕೇ ದಿನದಲ್ಲಿ ಅದನ್ನು ಎಲ್ಲೋ ಕಳೆದುಕೊಂಡ. ಅವಳು ಮತ್ತೆ ಆಟಕ್ಕೆ ಬರಲಿಲ್ಲ. ಜಗಳವೇನೂ ಆಡಲಿಲ್ಲ. ಆಮೇಲೂ ಒಟ್ಟಿಗೇ ಶಾಲೆಗೆ ಹೋದೆವು, ಒಬ್ಬರ ಮದುವೆಯಲ್ಲಿ ಒಬ್ಬರು ಓಡಾಡಿದೆವು. ಆದರೆ ಮನಸ್ಸಿನೊಳಗಿನದನ್ನು ಅವಳು ನನ್ನ ಹತ್ತಿರ ಹೇಳಿಕೊಳ್ಳುವುದು ಆ ಬೇಸಿಗೆಗೇ ನಿಂತುಹೋಯಿತು. ಕಾರ್ಡು ಹೋದ ಸಿಟ್ಟು, ಇನ್ನೇನು, ಎಂದುಕೊಂಡು ನಾನೂ ಬಿಗಿದುಕೊಂಡೇ ಇದ್ದೆ. ಇಪ್ಪತ್ತೈದು ವರ್ಷ!

ಸೀದ ಬಾಣಲೆಯನ್ನು ಕೆಳಗಿಳಿಸಿ ಫೋನು ಮಾಡಿದೆ. ದಾಕ್ಷಿ ಈಗ ಮಾಯಸಂದ್ರದಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ಕ್ಷೇಮಸಮಾಚಾರವನ್ನೂ ಕೇಳದೆ, "ದಾಕ್ಷೀ, ಆವತ್ತು ಗುರಾಣಿ ಮೊದಲು ಕಣೇ. ನೀನು ಹೇಳಿದ್ದೇ ಸರಿ. ಈಗ ತಾನೇ ಪುಸ್ತಕದಲ್ಲಿ ಓದಿದೆ. ತಪ್ಪಾಯ್ತು ಕಣೇ," ಎಂದೆ.

ಯಾವ ಗುರಾಣಿ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಲಿಲ್ಲ.

"ತಪ್ಪು ಹೇಳ್ತಿದ್ದೀಯ ಅಂತ ಆವತ್ತೇ ಗೊತ್ತಿತ್ತು ಕಣೇ," ಎಂದಳು. "ಪುಸ್ತಕ ನೋಡೋವಾಗ ನಿನ್ ಕಣ್ಣು ಒಂದೇ ಸಾಲಿನ್ ಮೇಲೆ ನಿಂತಿತ್ತು. ಓದೋರ್ ಕಣ್ಣು ಹಂಗೆ ನಿಲ್ತದಾ?"

"ಮತ್ತೆ ಯಾಕೇ ಸುಮ್ಮನಿದ್ದೆ?"

"ಆ ನಂಜುಂಡನ ಮುಂದೆ ನಿನ್ ಮರ್ವಾದೆ ಹೋಗ್ತಿತ್ತಲ್ಲೇ. ಕುದ್ರೆ ಹೋದ್ರೆ ಹೋಗ್ಲಿ ಅಂತ ಬುಟ್ಟೆ." ಆಮೇಲೆ ಅಂದಳು: "ಸುಳ್ಳು ಹೇಳ್ದೆ ಅಂತ ನೀನಾಗೇ ಬಂದು ಹೇಳ್ತೀಯ ಅಂದ್ಕೊಂಡಿದ್ದೆ. ಒಂದ್ ವಾರ ಕಾದೆ. ಆಮೇಲೆ ಸ್ಕೂಲ್ ಶುರುವಾಯ್ತು."

ಪ್ರಾಣದಂತಿದ್ದ ಕುದುರೆಯನ್ನು ಕೊಟ್ಟು ನನ್ನ ಮಾನ ಉಳಿಸಿದವಳ ಮೇಲೆ ಇಷ್ಟು ವರ್ಷ ನಾನೇ ಮುನಿಸಿಕೊಂಡಿದ್ದೆನಲ್ಲ ಎಂದು ಅಳುವೇ ಬಂತು, ಅತ್ತೂಬಿಟ್ಟೆ.

"ಅಯ್ಯೋ ಸುಮ್ನಿರೇ, ಅಂಗ್ಡೀಲಿ ಗಿರಾಕಿ ಅವ್ರೆ, ನಂಗೂ ಅಳು ತರುಸ್ಬ್ಯಾಡ," ಎಂದಳು ದಾಕ್ಷಿ. "ಇವತ್ತಾದ್ರೂ ಹೇಳಿದ್ಯಲ್ಲ, ಸಾಕು ಬುಡು. ಬರೋ ವಾರ ಅಂಗ್ಡಿ ಮುಚ್ಕೊಂಡ್ ಬತ್ತೀನಿ. ನಿಂಗೆ ಹೇಳೋದು ಬೇಕಾದಷ್ಟದೆ."

ಫೋನಿಟ್ಟು ಕಣ್ಣೊರೆಸಿಕೊಂಡು ವರಾಂಡಕ್ಕೆ ಬಂದೆ. ಅಷ್ಟರಲ್ಲಿ ಅಲ್ಲಿ ಇನ್ನೊಂದು ವ್ಯಾಜ್ಯ. ಸತ್ತ ಪ್ರಾಣಿಯನ್ನು ಎಬ್ಬಿಸುವ ಕಾರ್ಡಂತೆ, ಎದ್ದದ್ದನ್ನು ಕದಿಯುವ ಕಾರ್ಡಂತೆ. ಸಿಂಚನ ಪುಸ್ತಕ ಕೊಟ್ಟಳು. ಒಮ್ಮೆ ಓದಿದೆ, ಎರಡು ಸಲ ಓದಿದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನನಗೆ ಅರ್ಥ ಆಗ್ಲಿಲ್ಲ ಕಣ್ರೇ," ಎಂದೆ.

"ಆಂಟೀ, ನೀವು ಇಂಗ್ಲಿಷ್ ಟೀಚರ್ ಅಲ್ವಾ?" ಎಂದು ಸಾನಿಯಾ ಬಾಯಿ ಬಿಟ್ಟಳು.

"ಹೌದು ಕಣಮ್ಮ, ಹೈಸ್ಕೂಲಲ್ಲಿ ಹದಿನಾಲ್ಕು ವರ್ಷದಿಂದ," ಎನ್ನುತ್ತ ಅವರಿಬ್ಬರ ನಡುವೆ ನೆಲದ ಮೇಲೆ ಕೂತೆ. "ಸ್ವಲ್ಪ ಸರ್ಕೊಳ್ಳಿ. ಮೂರೂ ಜನ ಸೇರಿ ಓದೋಣ."